ಮೇಣದ ತೂಕ, ಚಿನ್ನದ ಲೆಕ್ಕ

ಎರಕದ ಆಭರಣ ತಯಾರಿಸುವ ಘಟಕದಲ್ಲಿ ಅತ್ಯಂತ ಅಗ್ಗದ ಸಾಮಗ್ರಿಗಳಲ್ಲಿ ಮೇಣವೂ ಒಂದು. ಆದರೆ ಅತ್ಯಂತ ದುಬಾರಿಯಾದ ಚಿನ್ನ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಅದೇ ಮೇಣ. ಮಾದರಿಯನ್ನು ಕೆತ್ತುವ ಹಂತದಲ್ಲಿಯೇ ಆಭರಣದ ತೂಕವೂ ಅದಕ್ಕೆ ತೊಡಗಿಸಬೇಕಾದ ಬಂಡವಾಳವೂ ಬಹುಮಟ್ಟಿಗೆ ನಿಶ್ಚಿತವಾಗುತ್ತವೆ. ಆದುದರಿಂದ ತೂಕದ ಪುಸ್ತಕವನ್ನು ಮೇಣದಿಂದಲೇ ಆರಂಭಿಸುವುದು ಉದ್ದಿಮೆದಾರರಿಗೆ ಹಿತಕರ.

ಈ ತಿಳಿವಳಿಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ವಿವರಣೆಯಿದೆ. ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ ತೆಗೆದುಕೊಳ್ಳಬೇಕೆಂದು ಅಲ್ಲಿ ವಿಧಿಸಲಾಗಿದೆ.

ಕೆತ್ತನೆಯಿಂದ ಎರಕದವರೆಗೆ

ಕೆತ್ತನೆಯ ಮೇಣವು ಗಡಸುತನಕ್ಕೆ ಅನುಗುಣವಾಗಿ ಬೇರೆ ಬೇರೆ ಬಣ್ಣಗಳಲ್ಲಿ ದೊರೆಯುತ್ತದೆ. ಸಾಮಾನ್ಯವಾಗಿ ಹಸಿರು ಮೇಣ ಹೆಚ್ಚು ಗಡಸು. ಚೂಪಾದ ಅಂಚು, ಸೂಕ್ಷ್ಮ ವಿವರಗಳಿಗೆ ಅದು ಯೋಗ್ಯ. ನೇರಳೆ ಮೇಣ ಮಧ್ಯಮ, ನೀಲಿ ಮೇಣ ಮೃದು. ಗರಗಸ, ಅರ, ಕೆತ್ತನೆಯ ಉಳಿಗಳಿಂದ ರೂಪುಗೊಂಡ ಮಾದರಿಯನ್ನು ಒಮ್ಮೆ ಬೆಳ್ಳಿಯಲ್ಲಿ ಎರೆದು, ನಯಗೊಳಿಸಿ, ಅದರಿಂದ ರಬ್ಬರ್ ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ಕರಗಿದ ಮೇಣವನ್ನು ತುಂಬಿದರೆ ಒಂದೇ ಬಗೆಯ ಅನೇಕ ಪ್ರತಿಗಳು ಸಿದ್ಧ. ಈ ಹಂತಗಳಲ್ಲಿ ಗಾತ್ರ ಕುಗ್ಗುವುದರಿಂದ ಮೂಲ ಮಾದರಿಯನ್ನು ಸ್ವಲ್ಪ ದೊಡ್ಡದಾಗಿಯೇ ಕೆತ್ತಬೇಕು.

ಪ್ರತಿಗಳನ್ನು ಮೇಣದ ಕಾಂಡವೊಂದಕ್ಕೆ ಮರದಂತೆ ಜೋಡಿಸಿ, ಸುತ್ತಲೂ ಜಿಪ್ಸಮ್ ಮಿಶ್ರಿತ ಇನ್ವೆಸ್ಟ್‌ಮೆಂಟ್ ಪುಡಿಯ ದ್ರಾವಣ ಸುರಿದು ಗಟ್ಟಿಗೊಳಿಸಲಾಗುತ್ತದೆ. ಕುಲುಮೆಯಲ್ಲಿ ಸುಮಾರು 730 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಮೇಣ ಉರಿದುಹೋಗಿ, ಉಳಿದ ಟೊಳ್ಳಿನಲ್ಲಿ ಲೋಹ ತುಂಬುತ್ತದೆ.

ಲೆಕ್ಕದ ಒಂದು ನಿದರ್ಶನ

ಮೇಣದ ಸಾಂದ್ರತೆ ಸುಮಾರು 1. 22 ಕ್ಯಾರಟ್ ಚಿನ್ನದ್ದು ಸುಮಾರು 17.7, 18 ಕ್ಯಾರಟ್‌ನದು ಸುಮಾರು 15.5. ಆದುದರಿಂದ 0.35 ಗ್ರಾಂ ಮೇಣದ ಉಂಗುರಕ್ಕೆ 22 ಕ್ಯಾರಟ್‌ನಲ್ಲಿ ಸುಮಾರು 6.2 ಗ್ರಾಂ ಚಿನ್ನ ಬೇಕು. ಉಂಗುರದ ಒಳಭಾಗವನ್ನು ಹದವಾಗಿ ಕೊರೆದು ಮೇಣವನ್ನು 0.30 ಗ್ರಾಂಗೆ ಇಳಿಸಿದರೆ ಸುಮಾರು 5.3 ಗ್ರಾಂ ಸಾಕು. 200 ಉಂಗುರಗಳ ಆರ್ಡರಿನಲ್ಲಿ ಈ ವ್ಯತ್ಯಾಸ 177 ಗ್ರಾಂ. ಗ್ರಾಂ ಒಂದಕ್ಕೆ ರೂ. 10,000 ಎಂದು ಲೆಕ್ಕಕ್ಕಾಗಿ ಹಿಡಿದರೆ ರೂ. 17.70 ಲಕ್ಷ. ಮಾಲು ಮಾರಾಟವಾಗಲು ಮೂರು ತಿಂಗಳು ಹಿಡಿದರೆ, ಶೇ. 10ರ ದರದಲ್ಲಿ ಬಡ್ಡಿಯೇ ರೂ. 44,250. ಚಿನ್ನದ ಬೆಲೆಯನ್ನು ಗ್ರಾಹಕನು ತೆರುತ್ತಾನೆ ನಿಜ. ಮಾರಾಟದವರೆಗಿನ ಬಡ್ಡಿಯನ್ನು ತೆರುವವನು ತಯಾರಕ. ಅತಿಯಾಗಿ ತೆಳುವಾದರೆ ಲೋಹ ಪೂರ್ತಿ ಹರಿಯದೆ ಎರಕ ಕೆಡುತ್ತದೆ ಎಂಬ ಎಚ್ಚರವೂ ಅಗತ್ಯ.

ಕಾಂಡದ ಲೋಹವೂ ದಾಸ್ತಾನು

40 ಗ್ರಾಂ ಮೇಣದ ‘ಮರ’ದಲ್ಲಿ ಆಭರಣಗಳ ಪಾಲು 24 ಗ್ರಾಂ, ಕಾಂಡ ಹಾಗೂ ನಾಳಗಳ ಪಾಲು 16 ಗ್ರಾಂ ಎಂದಿರಲಿ. ಎರಕಕ್ಕೆ 708 ಗ್ರಾಂ ಲೋಹ ಹೋದರೆ ಸುಮಾರು 283 ಗ್ರಾಂ ಕತ್ತರಿಸಿದ ತುಣುಕುಗಳಾಗಿ ಹಿಂತಿರುಗಬೇಕು. ಇದು ನಷ್ಟವಲ್ಲ, ದಾಸ್ತಾನು. ಮೇಣದ ತೂಕ ಬರೆದಿಟ್ಟವರಿಗೆ ಎಷ್ಟು ಹಿಂತಿರುಗಬೇಕೆಂಬುದು ಮೊದಲೇ ತಿಳಿದಿರುತ್ತದೆ. ಬರೆದಿಡದವರು ಎರಕದವನು ಹೇಳಿದ ಸವಕಳಿಯನ್ನೇ ಒಪ್ಪಬೇಕಾಗುತ್ತದೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಾಮಾನ್ಯ ಸವಕಳಿಯನ್ನು ದಾಸ್ತಾನಿನ ವೆಚ್ಚಕ್ಕೆ ಸೇರಿಸುವಂತಿಲ್ಲ. ಅದು ಆ ಅವಧಿಯ ಖರ್ಚು. ಸಾಮಾನ್ಯ ಸವಕಳಿ ಎಷ್ಟೆಂದು ತೋರಿಸಲು ಇದೇ ಪುಸ್ತಕ ಆಧಾರವಾಗುತ್ತದೆ.

ಎರಕವನ್ನು ಹೊರಗೆ ಮಾಡಿಸುವವರು ಜಿಎಸ್‌ಟಿ ಕಾಯ್ದೆಯ ಕಲಂ 143ನ್ನು ಗಮನಿಸಬೇಕು. ಜಾಬ್ ವರ್ಕ್‌ಗೆ ಚಲನ್ ಮೂಲಕ ಕಳುಹಿಸಿದ ಚಿನ್ನ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂತಿರುಗಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ತಪ್ಪಿದರೆ, ಕಳುಹಿಸಿದ ದಿನವೇ ಅದು ಸರಬರಾಜಾಗಿತ್ತೆಂದು ಪರಿಗಣಿತವಾಗಿ ತೆರಿಗೆ ಬೀಳುತ್ತದೆ. ತುಣುಕುಗಳ ಲೆಕ್ಕವನ್ನೂ ಇಡತಕ್ಕದ್ದು.

ಪ್ರತಿ ಎರಕಕ್ಕೂ ಐದು ಅಂಕಿಗಳನ್ನು ದಾಖಲಿಸಿದರೆ ಸಾಕು: ಮೇಣದ ಒಟ್ಟು ತೂಕ, ಅದರಲ್ಲಿ ಆಭರಣಗಳ ಪಾಲು, ಕೊಟ್ಟ ಲೋಹ, ಬಂದ ಆಭರಣ, ಬಂದ ತುಣುಕು. ಇದಕ್ಕೆ ಬೇಕಾದುದು ಒಂದು ಸೂಕ್ಷ್ಮ ತಕ್ಕಡಿ ಮತ್ತು ಒಂದು ಪುಸ್ತಕ ಮಾತ್ರ.