ಹೂ ಮುಡಿದು ಬಂದ ಟೀಚರ್

ಮಕ್ಕಳೇ, ಹೊಸ ಟೀಚರ್ ಬರುತ್ತಾರೆಂದರೆ ನಿಮಗೆ ಕುತೂಹಲ ತಾನೇ? ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಶಾಲೆಯೊಂದಕ್ಕೆ ಚಿಯೆಕೊ ಒಕಾಜಾಕಿ ಎಂಬ ಟೀಚರ್ ಬಂದರು. ಹುಟ್ಟಿದ್ದು 1926ರಲ್ಲಿ, ಹವಾಯಿ ದ್ವೀಪದಲ್ಲಿ, ಮನೆತನ ಜಪಾನಿನದು. ಯುದ್ಧದಲ್ಲಿ ಜಪಾನ್ ಅಮೆರಿಕದ ಶತ್ರುವಾಗಿತ್ತಲ್ಲ, ಆ ಕಹಿ ಇನ್ನೂ ಆರಿರಲಿಲ್ಲ. ಮೂವರು ತಾಯಂದಿರು ತಮ್ಮ ಮಕ್ಕಳು ಆಕೆಯ ತರಗತಿಯಲ್ಲಿರುವುದೇ ಬೇಡವೆಂದರು.

ಚಿಯೆಕೊ ಏನು ಮಾಡಿದರು ಗೊತ್ತೇ? ತಾವೇ ಹೊಲಿದ ಗಾಢ ಗುಲಾಬಿ ಬಣ್ಣದ ಉಡುಪು ತೊಟ್ಟು, ಹೂ ಮುಡಿದು ಮೊದಲ ದಿನ ಶಾಲೆಗೆ ಬಂದರು. ಮಕ್ಕಳು ಮರುಳಾದರು. ಆಮೇಲೆ ಆ ಮೂವರು ತಾಯಂದಿರೇ ಬಂದು, ತಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರಂತೆ. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ!

ಬೌದ್ಧ ಮನೆಯ ಚಿಯೆಕೊ 15ನೇ ವಯಸ್ಸಿನಲ್ಲಿ ಮಾರ್ಮನ್ ಪಂಥ ಸೇರಿದ್ದರು. ಇದು 1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥ. ಅದರ ಹೆಂಗಸರು 1842ರಲ್ಲಿ, ಬಡವರ ನೆರವಿಗೆಂದು ರಿಲೀಫ್ ಸೊಸೈಟಿ ಎಂಬ ಸಂಘ ಕಟ್ಟಿದರು. ಆ ಊರಿನ ಹೆಸರು ‘ನಾವೂ’. ಕನ್ನಡದ ಕಿವಿಗೆ ಎಷ್ಟು ಒಪ್ಪುವ ಹೆಸರು! 1876ರಿಂದ ಅವರು ಗೋಧಿ ಕೂಡಿಡತೊಡಗಿದರು. ಹೊಲದಲ್ಲಿ ಉಳಿದ ತೆನೆಯನ್ನೂ ಬಿಡದೆ ಆರಿಸಿದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಿಂದ ತತ್ತರಿಸಿದಾಗ ಅಲ್ಲಿಗೆ ಹಿಟ್ಟು ಹೋಯಿತು.

ಇದೇ ಸಂಘದ ಮುಖ್ಯಸ್ಥೆಯರಲ್ಲಿ ಒಬ್ಬರಾಗಿ 1990ರಲ್ಲಿ ಚಿಯೆಕೊ ನೇಮಕವಾದರು. ಬಿಳಿಯರಲ್ಲದ ಮಹಿಳೆಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಗಂಡ, ತುಂಬ ಮಕ್ಕಳು, ಅಚ್ಚುಕಟ್ಟಾದ ಮನೆ — ಇವಿಲ್ಲದಿದ್ದರೆ ತನ್ನಲ್ಲೇ ಏನೋ ಕೊರತೆಯಿದೆ ಎಂದು ಕೊರಗುವ ಹೆಂಗಸರು ಅಲ್ಲಿಯೂ ಇದ್ದರು. ಚಿಯೆಕೊ ಅವರಿಗೆ ಒಂದು ಉಪಮೆ ಕೊಟ್ಟರು. ಯೂಟಾದಲ್ಲಿ ಹಣ್ಣನ್ನು ಬಾಟಲಿಯಲ್ಲಿ ತುಂಬಿಡುತ್ತಾರೆ, ಹವಾಯಿಯಲ್ಲಿ ಬುಟ್ಟಿಯಲ್ಲಿಡುತ್ತಾರೆ. ಮುಖ್ಯವಾದದ್ದು ಹಣ್ಣು. ಬುಟ್ಟಿಯು ಬಾಟಲಿಯಾಗಬೇಕಿಲ್ಲ!

ಅವರ ಅಮ್ಮ ಕಲಿಸಿದ ಜಪಾನಿ ಮಾತೊಂದಿದೆ: ಕಿಗತ್ಸುಕು. ಹೇಳಿಸಿಕೊಳ್ಳದೆಯೇ ಗಮನಿಸಿ ನೆರವಾಗುವ ಗುಣ ಅದು. ಅಮ್ಮ ಕಸ ಗುಡಿಸುತ್ತಾ, ಅಂಥ ಹುಡುಗಿ ಈಗ ಏನು ಮಾಡುತ್ತಾಳೆ ಎಂದು ಕೇಳುತ್ತಿದ್ದರು. ಪುಟ್ಟ ಚಿಯೆಕೊ ಓಡಿಹೋಗಿ ಕಸದ ಮೊರ ತರುತ್ತಿದ್ದಳು.

ಇದನ್ನು ಓದಿದಾಗ ನನಗೆ ನಮ್ಮ ಬ್ಯಾಂಕಿನ ಕೌಂಟರ್ ನೆನಪಾಯಿತು. ಚಲನ್ ತುಂಬಲು ಬಾರದ ಅಜ್ಜಿಯೊಬ್ಬರು ಅದನ್ನು ಕೈಯಲ್ಲಿ ಹಿಡಿದು ನಾಚಿ ನಿಂತಿದ್ದರು. ‘ಕೇಳಿದರೆ ಬರೆದುಕೊಡೋಣ’ ಎಂದು ನಾನು ತಲೆ ಎತ್ತಲಿಲ್ಲ. ಅವರು ಕೇಳಲಿಲ್ಲ, ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ಲೆಡ್ಜರಿನ ತಪ್ಪನ್ನು ಅದೇ ಸಂಜೆ ತಿದ್ದುತ್ತಿದ್ದೆ. ಇದನ್ನು ಇಂದಿಗೂ ತಿದ್ದಲಾಗಿಲ್ಲ.

ಮಕ್ಕಳೇ, ಇಂದು ಸಂಜೆ ಅಜ್ಜಿ ಕನ್ನಡಕ ಹುಡುಕುತ್ತಿದ್ದರೆ, ಅವರು ಕೇಳುವ ಮೊದಲೇ ಎದ್ದುಹೋಗಿ ಹುಡುಕಿಕೊಡುತ್ತೀರಲ್ಲ?