ಸಿದ್ದಿಯ ಓಟ ರಕ್ತದಲ್ಲಿದೆಯೇ?

ಹಳಿಯಾಳ, ಮುಂಡಗೋಡ ಸೀಮೆಯಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಚೆನ್ನಾಗಿ ಓಡಿದರೆ ‘ಆಫ್ರಿಕಾದ ರಕ್ತ ಅಲ್ವಾ!’ ಎಂದು ಮಾತು ಮುಗಿಸಿಬಿಡುತ್ತೇವೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಯೋಜನೆಗೆ ಸಿದ್ದಿ ಮಕ್ಕಳನ್ನು ಆರಿಸಿದ್ದೂ ಇದೇ ಎಣಿಕೆಯ ಮೇಲೆ. ಮನುಷ್ಯನ ಸಾಧನೆಯನ್ನು ಒಂದೇ ಕಾರಣಕ್ಕೆ ಇಳಿಸುವ ಈ ವಾದ ಎಷ್ಟು ಗಟ್ಟಿ ಎಂದು ತಿಳಿಯಲು ಪ್ರಯೋಗಾಲಯ ಬೇಡ, ಆ ಯೋಜನೆಯ ಕತೆಯೇ ಸಾಕು. ಹಾಸ್ಟೆಲ್, ಹೊಟ್ಟೆತುಂಬ ಊಟ, ತರಬೇತುದಾರರು ಇದ್ದಷ್ಟು ಕಾಲ ಪದಕಗಳು ಬಂದವು. ಕಮಲಾ ಸಿದ್ದಿ ಹೆಪ್ಟಥ್ಲಾನ್‌ನಲ್ಲಿ ದೇಶಕ್ಕಾಗಿ ಸ್ಪರ್ಧಿಸಿದರು. 1990ರ ದಶಕದಲ್ಲಿ ಯೋಜನೆ ನಿಂತಿತು. ಅನೇಕರು ಕಾಡಂಚಿನ ಊರುಗಳಿಗೆ ಮರಳಿದರು. ರಕ್ತವೇನೂ ಬದಲಾಗಿರಲಿಲ್ಲ.

ಹಾಗಾದರೆ ದೇಹಗುಣಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಆದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಇಡೀ ಸಮುದಾಯಕ್ಕೆ ಒತ್ತುವ ಮುದ್ರೆಯಲ್ಲ. ಸನ್ನಿವೇಶವನ್ನು ಮರೆತು ಸ್ವಭಾವವನ್ನೇ ಕಾರಣವೆಂದು ಹಿಡಿಯುವ ಈ ದೋಷಕ್ಕೆ 1977ರಲ್ಲಿ ಹೆಸರಿಟ್ಟವರು ಮನೋವಿಜ್ಞಾನಿ ಲೀ ರಾಸ್. ಎಲ್ಲವೂ ಸನ್ನಿವೇಶವೇ ಎಂದರೂ ಒಂದೇ ಕಾರಣಕ್ಕೆ ಇಳಿಸುವ ತಪ್ಪೇ ಆಗುತ್ತದೆ: ಒಂದೇ ಹಾಸ್ಟೆಲಿನಲ್ಲಿ ಉಂಡವರೆಲ್ಲ ಪದಕ ಗೆಲ್ಲಲಿಲ್ಲ. ಪೋರ್ಚುಗೀಸರ ಕಾಲದ ಗುಲಾಮಗಿರಿ, ಕೈಗೆ ಸಿಗದ ಭೂಮಿ, 2003ರಲ್ಲಷ್ಟೇ ದಕ್ಕಿದ ಪರಿಶಿಷ್ಟ ಪಂಗಡದ ಮಾನ್ಯತೆ, ಇವನ್ನೆಲ್ಲ ಬದಿಗಿಡುವ ವಿವರಣೆ ಶಾಲೆ ಬಿಟ್ಟ ಸಿದ್ದಿ ಹುಡುಗನನ್ನು ಕಂಡಾಗ ‘ಓದು ಅವರ ರಕ್ತದಲ್ಲಿಲ್ಲ’ ಎನ್ನಲೂ ಹಿಂಜರಿಯುವುದಿಲ್ಲ.