ಅಕ್ಕಿಗೆ ಜ್ವರ, ಉಣ್ಣೆಗೆ ಹಲ್ಲು

ಟೀವಿಯಲ್ಲಿ ‘ಅಕ್ಕಿ ಜ್ವರದ ಭೀತಿ’ ಎಂದು ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಸಣ್ಣ ಅನುಮಾನ. ಇವತ್ತು ಅನ್ನ ಮಾಡಬಹುದೋ, ಬೇಡವೋ? ಹಕ್ಕಿಯ ‘ಹ’ ಹಾರಿಹೋದರೆ ಉಳಿಯುವುದು ಅಕ್ಕಿಯೇ ತಾನೆ. ಹೀಗೇ ಹಲ್ಲೆ ‘ಅಲ್ಲೆ’ಯಾಗುತ್ತದೆ (ಎಲ್ಲೆ ಎಂದರೆ ಅಲ್ಲೆ!). ಹಾರ್ದಿಕ ಶುಭಾಶಯ ‘ಆರ್ಥಿಕ ಶುಭಾಶಯ’ವಾಗುತ್ತದೆ. ನೆರೆ ಸಂತ್ರಸ್ತರಿಗೆ ಸರ್ಕಾರ ಧನಸಹಾಯದ ಬದಲು ‘ದನಸಹಾಯ’ ಘೋಷಿಸುತ್ತದೆ. ಕೊಟ್ಟಿಗೆ ಖಾಲಿ ಇರುವವರಿಗೆ ಇದು ತಪ್ಪು ಎನ್ನಿಸಲಿಕ್ಕೂ ಇಲ್ಲ. ತಪ್ಪಿನ ಭಯಕ್ಕೆ ಬೇಡದ ಕಡೆಯಲ್ಲೆಲ್ಲ ‘ಹ’ ಸೇರಿಸುವವರೂ ಇದ್ದಾರೆ. ‘ಆದರದ ಸ್ವಾಗತ’ಕ್ಕೆ ಒಂದು ‘ಹ’ ಅಂಟಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳುವುದು ಬೇಡ, ಮನೆಮಂದಿಯೆಲ್ಲ ಓದುವ ಪತ್ರಿಕೆ ಇದು.

ಆದರೆ ಒಂದು ಮಾತು. ಮನೆಯಲ್ಲಿ, ಸಂತೆಯಲ್ಲಿ ಯಾರಾದರೂ ‘ಹ’ ಬಿಟ್ಟು ಮಾತಾಡಿದರೆ ನಗುವುದು ನನಗೆ ಸರಿಕಾಣದು. ಅದು ಅವರ ಊರಿನ ಕನ್ನಡ. ಸುದ್ದಿ ಓದುವುದು ಹಾಗಲ್ಲ, ಅದು ಕಸುಬು. ಬಡಗಿ ಮನೆಯಲ್ಲಿ ಹೇಗೆ ಕೂತರೂ ಸರಿ, ಮಾಡಿಕೊಟ್ಟ ಕುರ್ಚಿಯ ಕಾಲು ಮಾತ್ರ ನಾಲ್ಕೂ ಸಮ ಇರಬೇಕು. ಇಷ್ಟಕ್ಕೂ ಗಂಟೆಗಟ್ಟಲೆ ಕ್ಯಾಮೆರಾ ಮುಂದೆ ನಿಂತು ಮಾತಾಡುವವರು ನಮ್ಮ ನಿಮ್ಮ ವಯಸ್ಸಿನವರೇ. ನಾಲಗೆ ಒಮ್ಮೆ ತೊಡರುವುದು ದೊಡ್ಡದಲ್ಲ. ನನ್ನ ತಕರಾರು ಇರುವುದು ದಿನಾ ಒಂದೇ ಅಚ್ಚಿನಲ್ಲಿ ಇಳಿಯುವ, ಯಾರೂ ನಿಂತು ನೋಡದ ಪದಗಳ ಬಗ್ಗೆ.

ಶಿರಸಿಯ ಒಂದು ಬಾಡಿಗೆ ರೂಮಿನಲ್ಲಿ ನಾವು ಮೂವರಿದ್ದೇವೆ. ನಾನು ಶಿರಸಿ ತಾಲ್ಲೂಕಿನವ, ಒಬ್ಬ ಸಿದ್ದಾಪುರದವ, ಇನ್ನೊಬ್ಬ ಯಲ್ಲಾಪುರದವ. ಡಿಗ್ರಿ ಮುಗಿಸಿ ಮೂವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಪ್ರಚಲಿತ ವಿದ್ಯಮಾನಕ್ಕೆ ಬೇಕೆಂದು ರಾತ್ರಿ ವಾರ್ತೆ ನೋಡಿ ನೋಟ್ಸ್ ಮಾಡುವುದು ರೂಢಿ. ಆ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಯೋಜನೆಗಳು, ಪ್ರಶಸ್ತಿಗಳು, ಸಮಿತಿಗಳು. ಹಿಂದಿನ ಪುಟಗಳಲ್ಲಿ ನಮ್ಮದೇ ನಿಘಂಟು. ಕೆಲವನ್ನು ಇಲ್ಲಿ ಕೊಡುತ್ತೇನೆ.

ದೌಡಾಯಿಸು: ಎಲ್ಲ ಮುಗಿದ ಮೇಲೆ ತಲುಪು. 
ಎಕ್ಸ್‌ಕ್ಲೂಸಿವ್: ಏಳು ಚಾನೆಲ್ಲಿನಲ್ಲಿ ಒಂದೇ ಹೊತ್ತಿಗೆ ಬರುವ ಸುದ್ದಿ. 
ಬ್ರೇಕಿಂಗ್ ನ್ಯೂಸ್: ನಮ್ಮೂರಲ್ಲಿ ಕರೆಂಟು ಹೋದಾಗ ಮಾತ್ರ ಬ್ರೇಕ್ ಆಗುವ ಸುದ್ದಿ. 
ಯುದ್ಧೋಪಾದಿಯಲ್ಲಿ ಕಾಮಗಾರಿ: ಕದನ ವಿರಾಮ ಜಾರಿಯಲ್ಲಿರುವ ಕಾಮಗಾರಿ. 
ಜನಜೀವನ: ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದ್ದು; ಕಂಡಾಗಲೆಲ್ಲ ಅಸ್ತವ್ಯಸ್ತವಾಗಿರುತ್ತದೆ. 
ಮಾರಣಾಂತಿಕ ಹಲ್ಲೆ: ಗಾಯಾಳು ಮೂರನೇ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಸಂದರ್ಶನ ಕೊಡುವ ಹಲ್ಲೆ. 
ಹಸಿರು ನಿಶಾನೆ: ಹಳಿ ಇಲ್ಲದ ಕಡೆ ತೋರಿಸುವ ನಿಶಾನೆ.

ಕೊನೆಯದು ಯಲ್ಲಾಪುರದವನ ಕೊಡುಗೆ. ಅವನೂರಿನ ಮೇಲೆ ಹಾದುಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಸುದ್ದಿಯಲ್ಲಿ ಎಷ್ಟು ಸಲ ನಿಶಾನೆ ಸಿಕ್ಕಿದೆಯೋ ಅವನು ಲೆಕ್ಕ ಬಿಟ್ಟಿದ್ದಾನೆ. ನಮ್ಮ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವೇ ಇಲ್ಲ.

ಈ ಆಟ ನಾವು ಕಂಡುಹಿಡಿದದ್ದೇನಲ್ಲ. ಅಮೆರಿಕದ ಪತ್ರಕರ್ತ ಆಂಬ್ರೋಸ್ ಬಿಯರ್ಸ್‌ನ ‘ದ ಡೆವಿಲ್ಸ್ ಡಿಕ್ಷನರಿ’ 1911ರಷ್ಟು ಹಳೆಯದು. ಕನ್ನಡದಲ್ಲಿ ನಾ. ಕಸ್ತೂರಿಯವರ ‘ಅನರ್ಥಕೋಶ’ ಇದೆ. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿದವರು. ಅಧ್ಯಾಪಕರಾಗಿ ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತು, ‘ಕೊರವಂಜಿ’ಯಲ್ಲಿ ಕನ್ನಡಿಗರನ್ನೇ ನಗಿಸಿದರು. ಇನ್ನೊಂದು ಸ್ವಾರಸ್ಯ ಕೇಳಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದಾಗ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದ್ದು ಇದೇ ಕಸ್ತೂರಿಯವರು ಎನ್ನುತ್ತಾರೆ. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರು ಹೊತ್ತಿತು. ವಾರ್ತೆ ಬರುವ ಪೆಟ್ಟಿಗೆಗೆ ಹೆಸರಿಟ್ಟವರೇ ಅನರ್ಥಕೋಶವನ್ನೂ ಬರೆದರು! ಗಂಭೀರವಾಗಿ ತಿದ್ದಿದವರಲ್ಲಿ ದೊಡ್ಡ ಹೆಸರು ಜಿ. ವೆಂಕಟಸುಬ್ಬಯ್ಯ ಅವರದು. 1991ರಲ್ಲಿ ಶುರುವಾದ ಅವರ ‘ಇಗೋ ಕನ್ನಡ’ ಅಂಕಣಕ್ಕೆ ಓದುಗರು ಪದಗಳ ಬಗ್ಗೆ ಪ್ರಶ್ನೆ ಕಳಿಸುತ್ತಿದ್ದರು. 2021ರಲ್ಲಿ, 107ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಸೀಮೆಯಲ್ಲಿ ಇಂಥದ್ದಕ್ಕೆ ಗರಡಿಮನೆ ಮೊದಲೇ ಇತ್ತು: ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಎದುರಿನ ಪಾತ್ರದ ಬಾಯಿಂದ ಬಿದ್ದ ಪದವನ್ನೇ ಹಿಡಿದು ತಿರುಗಿಸಿ ಹೊಡೆಯುವುದೇ ಅರ್ಥಧಾರಿಯ ಜಾಣ್ಮೆ. ಉಚ್ಚಾರ ಎಡವಿದರೆ ಮುಂದಿನ ಸಾಲಿನ ಹಿರಿಯರು ಕೆಮ್ಮುತ್ತಾರೆ. ನಮ್ಮಜ್ಜ ಈಗಲೂ ಟೀವಿ ವಾರ್ತೆಯನ್ನು ತಾಳಮದ್ದಳೆ ಕೇಳಿದ ಹಾಗೇ ಕೇಳುವುದು. “ಇಂವ ಎಂತ ಓದ್ತಾ ಇದ್ದ?” ಎಂದು ನಡುನಡುವೆ ಕೇಳುತ್ತಾರೆ. ಅರ್ಥಧಾರಿಗಳನ್ನು ಕೇಳಿ ಬೆಳೆದವರಿಗೆ ಅನರ್ಥಧಾರಿಗಳು ಬೇಗ ಕಿವಿಗೆ ಬೀಳುತ್ತಾರೆ.

ಹಾಗೆ ಕೇಳಿಸಿಕೊಳ್ಳುತ್ತಾ ಹೋದ ಹಾಗೆ ನಮ್ಮ ನಿಘಂಟು ಬರೀ ನಗೆಯ ಪುಸ್ತಕವಾಗಿ ಉಳಿಯಲಿಲ್ಲ. ಸಿದ್ದಾಪುರದವನು ‘ಉಣ್ಣೆ’ ಎಂಬ ಪದ ಬರೆದ ರಾತ್ರಿ ನಾವು ನಕ್ಕದ್ದು ಕಡಿಮೆ.

ಮಂಗನ ಕಾಯಿಲೆ ಅವನ ತಾಲ್ಲೂಕಿಗೆ ಹೊಸದಲ್ಲ. ಅದರ ವೈರಸ್ಸು ಮೊದಲು ಸಿಕ್ಕಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ದಾಟಿಸುವುದು ನಾವು ‘ಉಣುಗು’ ಎನ್ನುವ ಸಣ್ಣ ಹುಳು. ಸುದ್ದಿಯಲ್ಲಿ ಅದು ‘ಉಣ್ಣೆ’ಯಾಗುತ್ತದೆ. ನಿಘಂಟಿನ ಪ್ರಕಾರ ತಪ್ಪಲ್ಲ. ಆದರೆ ಪೇಟೆಯ ಕಿವಿಗೆ ಉಣ್ಣೆ ಎಂದರೆ ಸ್ವೆಟರು. ‘ಉಣ್ಣೆ ಕಚ್ಚುವುದರಿಂದ ರೋಗ’ ಎಂದಾಗ ಕಂಬಳಿಗೆ ಯಾವಾಗ ಹಲ್ಲು ಬಂತು ಎಂದು ಯಾರಾದರೂ ಕೇಳಿದರೆ ಅವರ ತಪ್ಪಲ್ಲ. ಓದುವಾಗ ಪರದೆಯ ಮೇಲೆ ಕಾಣಿಸುವುದು ಮಂಗಗಳ ಕುಣಿತ, ಹುಳುವಿನ ಚಿತ್ರವಲ್ಲ. ಸಾಲದ್ದಕ್ಕೆ ಕೆನ್ನೆ ಊದುವ ಮಂಗನ ಬಾವು ಬೇರೆ, 2022ರಲ್ಲಿ ಸುದ್ದಿಯಾದ ಮಂಕಿಪಾಕ್ಸ್ ಬೇರೆ. ಮೂರನ್ನೂ ಕಲಸಿದರೆ ಕೇಳಿದವರ ತಲೆಯಲ್ಲಿ ಉಳಿಯುವುದು ‘ಮಂಗನ ಹತ್ತಿರ ಹೋಗಬಾರದು’ ಎಂಬುದೊಂದೇ. ಸತ್ತ ಮಂಗದಿಂದ ದೂರ ಇರಬೇಕು ನಿಜ, ಅದರ ಮೈಯಿಂದ ಉದುರಿದ ಉಣುಗು ಸುತ್ತಲೂ ಇರುತ್ತದೆ. ಆದರೆ ಮಂಗವೇ ಕಾಣದ ಜಾಗದಲ್ಲೂ ತರಗೆಲೆಯ ಅಡಿಯಲ್ಲಿ ಉಣುಗು ಇರಬಹುದು. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಬೇಕು, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರೋಗದ ಹೆಸರಿನಲ್ಲಿರುವ ಮಂಗ ಇಷ್ಟನ್ನೂ ಮರೆಸಿಬಿಡುತ್ತದೆ.

ಕಾಡಿಗೆ ಎಂದೆ, ನಮ್ಮವರು ಹೇಳುವುದು ‘ಬೆಟ್ಟಕ್ಕೆ’ ಎಂದು. ಬೆಂಗಳೂರಿನಲ್ಲಿ ಬೆಟ್ಟ ಎಂದರೆ ನಂದಿಬೆಟ್ಟ, ಚಾರಣ, ಸೆಲ್ಫಿ. ಈ ಮೂರು ತಾಲ್ಲೂಕುಗಳಲ್ಲಿ ಬೆಟ್ಟ ಎಂದರೆ ಸೊಪ್ಪಿನ ಬೆಟ್ಟ, ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು. ನೆಲ ಸಮತಟ್ಟಾಗಿದ್ದರೂ ಅದು ಬೆಟ್ಟವೇ. ಬೇಸಿಗೆಯಲ್ಲಿ ದರಕು ಗುಡಿಸಲು ಹೆಂಗಸರು ಹೋಗುವುದು ಅಲ್ಲಿಗೆ, ಉಣುಗು ಹೆಚ್ಚುವ ಕಾಲವೂ ಅದೇ. ಎಚ್ಚರಿಕೆ ಅವರಿಗೆ ತಲುಪಬೇಕಾದರೆ ಅವರ ಪದದಲ್ಲೇ ಬರಬೇಕು.

‘ರಾಶಿ’ಯ ಕತೆ ಇಷ್ಟು ಭಾರದ್ದಲ್ಲ. ಬೆಳಿಗ್ಗೆ ಚಾನೆಲ್ಲಿನಲ್ಲಿ ರಾಶಿ ಎಂದರೆ ಮೇಷ, ವೃಷಭ. ನಮ್ಮ ಮಾರುಕಟ್ಟೆಯಲ್ಲಿ ಅದು ಅಡಿಕೆಯ ಒಂದು ತರಗತಿ, ಬೆಟ್ಟೆ, ಚಾಲಿ, ಕೆಂಪುಗೋಟು ಇದ್ದ ಹಾಗೆ. ಮಾತಿನಲ್ಲಿ ‘ರಾಶಿ ಚೊಲೊ ಇದ್ದು’ ಎಂದರೆ ತುಂಬಾ ಚೆನ್ನಾಗಿದೆ ಎಂದು. ನಮ್ಮ ಪುಸ್ತಕದಲ್ಲಿ ರಾಶಿಫಲ ಎಂದರೆ ‘ಟೆಂಡರ್ ಮುಗಿದ ಮೇಲಷ್ಟೇ ತಿಳಿಯುವ ಭವಿಷ್ಯ’.

ಇನ್ನು ನಮ್ಮ ವಿಳಾಸದ ಗೋಳು. ‘ಉತ್ತರ ಕನ್ನಡ’ ಎಂದರೆ ಎದುರಿನವರು ‘ಓ, ಉತ್ತರ ಕರ್ನಾಟಕವಾ? ರೊಟ್ಟಿ ಊಟ ಚಂದ’ ಎನ್ನುತ್ತಾರೆ. ಇಂಟರ್‌ವ್ಯೂಗೆ ಹೋದ ನಮ್ಮ ಜಿಲ್ಲೆಯ ಯಾರನ್ನು ಬೇಕಾದರೂ ಕೇಳಿ. ಹವಾಮಾನ ಸುದ್ದಿಯಲ್ಲಿ ಇದು ತಮಾಷೆಯಾಗಿ ಉಳಿಯುವುದಿಲ್ಲ. ಹವಾಮಾನ ಇಲಾಖೆಯ ವಿಭಾಗದಲ್ಲಿ ನಮ್ಮ ಇಡೀ ಜಿಲ್ಲೆ ‘ಕರಾವಳಿ’. ಘಟ್ಟದ ಮೇಲಿರುವ ಶಿರಸಿಯವರು ‘ಕರಾವಳಿಗೆ ರೆಡ್ ಅಲರ್ಟ್’ ಎಂದು ಕೇಳಿ ‘ಪಾಪ, ಕುಮಟಾದವರು’ ಎಂದುಕೊಂಡು ಮಲಗುತ್ತಾರೆ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅದು ಲೆಕ್ಕದ ಪ್ರಕಾರ ಅತ್ಯಂತ ಭಾರಿ ಮಳೆ. ವಾರ್ತೆಯಲ್ಲಿ ಅದು ‘ವರುಣನ ಆರ್ಭಟ’. ತುಂತುರು ಬಂದರೂ ಆರ್ಭಟ, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆ ಕೊಚ್ಚಿಹೋದಾಗಲೂ ಆರ್ಭಟ. ‘ಸಂಚಾರ ಅಸ್ತವ್ಯಸ್ತ’ ಎಂದರೆ ಅರಬೈಲು ಘಟ್ಟದಲ್ಲಿ ಬಸ್ಸು ಹೋಗುತ್ತದೆಯೋ ಇಲ್ಲವೋ? ಮರುದಿನ ಪರೀಕ್ಷೆ ಇದ್ದವನಿಗೆ ಬೇಕಾದದ್ದು ಅಷ್ಟೇ. ರೆಡ್ ಅಲರ್ಟಿಗೆ ನಾವು ಕೊಟ್ಟ ಅರ್ಥ: ಶಾಲೆಯ ಮಕ್ಕಳಿಗೆ ಹಸಿರು ನಿಶಾನೆ.

ಅರ್ಥ ಬರೆಯದೆ ಖಾಲಿ ಬಿಟ್ಟ ಜಾಗಗಳೂ ಪುಸ್ತಕದಲ್ಲಿವೆ. ಅಪಘಾತದಲ್ಲಿ ಹೋದವರನ್ನು ‘ಸಾವನ್ನಪ್ಪಿದರು’ ಎನ್ನುತ್ತಾರೆ. ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರು ಯಾರನ್ನು ಅಪ್ಪಲು ಹೋಗಿದ್ದರು? ಫಲಿತಾಂಶದ ದಿನಗಳಲ್ಲಿ ಕೇಳಿಸುವ ‘ನೇಣಿಗೆ ಶರಣು’ ಇನ್ನೂ ಕೆಟ್ಟದ್ದು. ಹಿರಿಯರಿಗೆ, ದೇವರಿಗೆ ಹೇಳುವ ಶರಣು ಅಲ್ಲಿಗೆ ಹೇಗೆ ಬಂತು? ಆತ್ಮಹತ್ಯೆಯ ಸುದ್ದಿಯನ್ನು ರೋಚಕವಾಗಿ ಬರೆಯಬಾರದು, ವಿಧಾನ ವಿವರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಒಪ್ಪಿದೆ. ಈ ಎರಡು ಪದಗಳಲ್ಲಿ ವಿಧಾನವೂ ಇದೆ, ರೋಚಕತೆಯೂ ಇದೆ. ಅದನ್ನು ಕೇಳುತ್ತಾ ಕೂತವರಲ್ಲಿ ಅವತ್ತೇ ಫೇಲಾದವರೂ ಇರುತ್ತಾರೆ.

ಸದ್ಯ ಜಗಳ ನಡೆದಿರುವುದು ‘ಶೀಘ್ರ’ ಎಂಬ ಪದದ ಮೇಲೆ, ‘ಶೀಘ್ರದಲ್ಲೇ ನೇಮಕಾತಿ ಅಧಿಸೂಚನೆ’ ಎಂಬಲ್ಲಿನ ಶೀಘ್ರ. ‘ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಯವರೆಗಿನ ಅವಧಿ’ ಎಂದು ಯಲ್ಲಾಪುರದವನು ಬರೆದ. ಸಿದ್ದಾಪುರದವನು ಅದನ್ನು ಹೊಡೆದುಹಾಕಿ ‘ವಯೋಮಿತಿ ಮೀರಲು ಹಿಡಿಯುವ ಕಾಲ’ ಎಂದು ಬರೆದ. ಅವನಿಗೆ ಇನ್ನು ಎರಡು ವರ್ಷ ಉಳಿದಿದೆ. ಪಕ್ಕದಲ್ಲಿ ನಾನು ಸ್ವಲ್ಪ ಜಾಗ ಬಿಟ್ಟಿದ್ದೇನೆ.